ಶುಕ್ರವಾರದ ಲಕೋಟೆಗಳು

ಬ್ರಾಕ್ಸ್‌ಡೇಲ್ ಕ್ಲಬ್ಬಿನ ಸಂಬಳದ ಗುಮಾಸ್ತೆ ನಾನು,
ವಿನಿಫ್ರೆಡ್ ಎಂಟ್‌ವಿಸಲ್.
ಹತ್ತೊಂಬತ್ತು ವರ್ಷ ಗ್ಯಾಲರಿಯ ಅಡಿಯ ಕೋಣೆಯಲ್ಲಿ ಕೂತೆ.
ಕಿಟಕಿಯೇನೋ ಇತ್ತು,
ಅದರಾಚೆ ಕಲ್ಲಿದ್ದಲ ರಾಶಿ, ಒಣಹಾಕಿದ ಕಾಲ್ಚೀಲ.
ಆಟವನ್ನು ಕಿವಿಯಿಂದ ನೋಡಿದವಳು ನಾನು;
ಗೋಲಾದರೆ ಮಸಿಬುಡ್ಡಿ ನಡುಗುತ್ತಿತ್ತು.

ಶನಿವಾರ ಸಂಜೆ ಗೇಟಿನ ದುಡ್ಡು ಬಕೆಟ್ಟುಗಳಲ್ಲಿ ಬರುತ್ತಿತ್ತು:
ಗಿರಣಿಯವರ, ಗಣಿಯವರ ಜೇಬಿನ ಬಿಸಿ ಇನ್ನೂ ಆರದ
ಪೆನ್ನಿಗಳು, ಶಿಲಿಂಗುಗಳು, ಅಂಚಿಗೆ ತಂಬಾಕಿನ ಪುಡಿ.
ಒಂದೇ ಮಧ್ಯಾಹ್ನಕ್ಕೆ ಮೂವತ್ತೊಂದು ಸಾವಿರ ಜನ.
ಎಣಿಸಿ ಎಣಿಸಿ ಬೆರಳು ಹಸಿರಾಗುತ್ತಿತ್ತು.
ಎಷ್ಟು ಉಜ್ಜಿದರೂ ಭಾನುವಾರದ ಚರ್ಚಿಗೆ
ತಾಮ್ರದ ವಾಸನೆ ನನ್ನ ಪಕ್ಕದಲ್ಲೇ ಕೂರುತ್ತಿತ್ತು.

ಶುಕ್ರವಾರ ಮಾತ್ರ ಲೆಕ್ಕ ಸುಲಭ.
ಇಪ್ಪತ್ತು ಪೌಂಡು.
ಎಂಥವನಿಗೂ ಇಪ್ಪತ್ತು, ಮೇಲೆ ಒಂದು ಪೆನ್ನಿ ಇಲ್ಲ.
ಬೇಸಿಗೆಗೆ ಹದಿನೇಳು;
ಚೆಂಡು ಒದೆಯದ ತಿಂಗಳಲ್ಲಿ ಮಕ್ಕಳೂ ಕಡಿಮೆ ತಿನ್ನುತ್ತವೆಂದು
ಲೀಗಿನ ಹಿರಿಯರು ಯಾರೋ ಕಂಡುಹಿಡಿದಿದ್ದಿರಬೇಕು.

ಸಿರಿಲ್ ಥ್ರೆಲ್‌ಫಾಲ್,
ಅವನ ಹಣೆಗೆ ಚೆಂಡು ತಾಗಿತೆಂದರೆ
ಊರು ಒಂದು ವಾರ ಅದನ್ನೇ ಕುಡಿಯುತ್ತಿತ್ತು. ಅವನಿಗೆ ಇಪ್ಪತ್ತು.
ಎಡಬದಿಯ ಬ್ಯಾಕು ನಾರ್ಮನ್ ಓಗ್ಡೆನ್,
ಅವನ ಬೀದಿಯವರೇ ಅವನ ಹೆಸರು ತಪ್ಪು ಹೇಳುತ್ತಿದ್ದರು. ಅವನಿಗೂ ಇಪ್ಪತ್ತು.
ಇಬ್ಬರೂ ಬರುತ್ತಿದ್ದದ್ದು ಒಂದೇ ಬಸ್ಸಿಗೆ,
ಕಂಕುಳಲ್ಲಿ ಕಾಗದ ಸುತ್ತಿದ ಬೂಟು,
ಸೀಟಿಲ್ಲದಿದ್ದರೆ ತಮ್ಮನ್ನೇ ನೋಡಲು ಹೊರಟವರ ನಡುವೆ ನೇತಾಡಿಕೊಂಡು.

ಹಾಗಂತ ನಾವೇನು ಸಾಚಾಗಳಲ್ಲ.
ಸಿರಿಲ್‌ನ ಮನೆಗೆ ಒಂದು ರಾತ್ರಿ ಫ್ರಿಜ್ಜು ಹೋಯಿತು.
ಪುಸ್ತಕದಲ್ಲಿ ನಾನೇ ಬರೆದೆ, ಅಧ್ಯಕ್ಷರು ಹೇಳಿದ ಹಾಗೆ:
'ಹುಲ್ಲಿನ ಬೀಜ, ನಲವತ್ತು ಪೌಂಡು.'
ಆ ವರ್ಷ ನಮ್ಮ ಮೈದಾನದಲ್ಲಿ
ಹುಲ್ಲು ಹುಟ್ಟಲೇ ಇಲ್ಲ.

ಅರವತ್ತೊಂದರ ಜನವರಿ.
ಆಡುವುದಿಲ್ಲ ಎಂದರು ಹುಡುಗರು. ಲೀಗು ಬಗ್ಗಿತು. ಮಿತಿ ಬಿತ್ತು.
ಹೊಸ ಋತುವಿನ ಮೊದಲ ಶುಕ್ರವಾರ
ಸಿರಿಲ್‌ಗೆ ಅರವತ್ತು ಎಣಿಸಿದೆ, ನಾರ್ಮನ್‌ಗೆ ಇಪ್ಪತ್ತೆರಡು.
ಅಲ್ಲಿಯವರೆಗೆ ಲಕೋಟೆಗಳ ಬಾಯಿ ತೆರೆದೇ ಇರುತ್ತಿತ್ತು;
ಅವತ್ತು ಅಂಟು ಹಚ್ಚಿದೆ.
ಆದರೇನು, ಕಣ್ಣಿಗೆ ತಕ್ಕಡಿ ಬೇಕೆ?
ಸಾಲಿನಲ್ಲಿ ನಿಂತವರು ಮುಂದಿನವನ ಕೈ ನೋಡುತ್ತಿದ್ದರು,
ಆಮೇಲೆ ನೆಲ.

ಎಲ್ಲರೂ ಹೋದ ಮೇಲೆ ನಾರ್ಮನ್ ಬಾಗಿಲಲ್ಲಿ ನಿಂತ.
'ಅವನಿಗೆಷ್ಟು, ಮಿಸ್ ಎಂಟ್‌ವಿಸಲ್?'
ಹೇಳಬಾರದು ಎಂದೆ.
'ದುಡ್ಡಿಗಾಗಿ ಕೇಳಲಿಲ್ಲ,' ಎಂದ ಟೋಪಿ ತಿರುಗಿಸುತ್ತ,
'ಎಷ್ಟು ದೂರ ಹೋದ ಅಂತ.'

ಸಿರಿಲ್ ಹಸಿರು ಕಾರು ಕೊಂಡ.
ಮೊದಲ ಕೆಲವು ವಾರ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಬಾಗಿಲು ತೆರೆದ.
ಬಸ್ಸೇ ಆಗುತ್ತೆ ಬಿಡು, ಎಂದ ನಾರ್ಮನ್.
ಆಮೇಲೆ ಕಾರು ನಿಲ್ಲಲಿಲ್ಲ,
ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಸಿರಿಲ್‌ನನ್ನು ಆಡಿಕೊಳ್ಳಲಾರೆ.
ಆ ಬಕೆಟ್ಟುಗಳನ್ನು ತುಂಬಿಸಿದ್ದು ಅವನ ಹಣೆ;
ಹಿಂದಿನ ವರ್ಷಗಳ ದುಡ್ಡು ಎಲ್ಲಿ ಸೋರಿತೆಂದು
ನನ್ನ ಕೈಬರಹಕ್ಕೆ ಗೊತ್ತು.
ಆದರೂ ತೆರೆದ ಬಾಯಿಯ ಆ ಲಕೋಟೆಗಳು,
ಅನ್ಯಾಯವನ್ನು ಸಮವಾಗಿ ಹಂಚಿದ ಆ ಶುಕ್ರವಾರಗಳು,
ಒಮ್ಮೊಮ್ಮೆ, ಹೇಳಲು ನಾಚಿಕೆ, ನೆನಪಾಗುತ್ತವೆ.

ನನಗೆಷ್ಟು ಎಂದು ಯಾರೂ ಕೇಳಲಿಲ್ಲ.
ಏಳು ಪೌಂಡು ನಾಲ್ಕು ಶಿಲಿಂಗು.
ಅದಕ್ಕೊಂದು ಮಿತಿ ಹಾಕಲು ಯಾವ ಲೀಗೂ ಸಭೆ ಸೇರಲಿಲ್ಲ,
ಅಗತ್ಯವೇ ಬೀಳಲಿಲ್ಲ.
ಕೊನೆಯ ಲಕೋಟೆ ನನ್ನದು. ತುಂಬಿಸಿ,
ಮೇಜಿನ ಅಂಚಿಗೆ ಇಟ್ಟು,
ಎದ್ದು ಆಚೆ ಬದಿಗೆ ಹೋಗಿ, ಸಾಲಿನಲ್ಲಿ ನಿಂತವಳ ಹಾಗೆ ನಿಂತು
ತೆಗೆದುಕೊಳ್ಳುತ್ತಿದ್ದೆ.
ಕೊಟ್ಟವರು, ಪಡೆದವರು:
ಎರಡೂ ಕಡೆ ನನ್ನದೇ ಸಹಿ.