ಅಂಟು ಒಣಗುವಷ್ಟರಲ್ಲಿ

ತಾರ್ತುವಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುವುದು ನನ್ನ ಕೆಲಸ.
ಅಂಟು ಒಣಗಲು ನಲವತ್ತು ನಿಮಿಷ ಬೇಕು.
ಆ ನಲವತ್ತು ನಿಮಿಷ ನಾನು ಓದುಗಿತ್ತಿ.
ಮಾಯಾಲೋಕದ ಕಾದಂಬರಿಗಳೇ ಹೆಚ್ಚು ಬರುತ್ತವೆ ಇಲ್ಲಿಗೆ:
ದಪ್ಪ ಮೈ, ಸಡಿಲ ಹೊಲಿಗೆ.

ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ.
ಮೊದಲ ಪುಟದ ನಕ್ಷೆ ನನಗಿಷ್ಟ.
ನದಿ ಬೆಟ್ಟ ಹತ್ತಿದರೂ ಪರವಾಗಿಲ್ಲ,
ಊರಿನ ಹೆಸರು ಸೀನಿದಂತಿದ್ದರೂ ಪರವಾಗಿಲ್ಲ.
ಆದರೆ ಎಂಟುನೂರು ಪುಟ ಓಡುವ ಕುದುರೆ
ಒಂದು ಸಲವಾದರೂ ಲದ್ದಿ ಹಾಕಬೇಡವೆ?
ಯುದ್ಧ ಮುಗಿದ ಮರುದಿನ
ನೆತ್ತರು ಮೆತ್ತಿದ ಅಂಗಿ ಒಗೆದವಳು ಯಾರು?
ಅವಳಿಗೊಂದು ಅಧ್ಯಾಯ ಕೊಟ್ಟವರಿಗೆ
ನನ್ನ ಮಧ್ಯಾಹ್ನದ ಊಟ ಕೊಟ್ಟೇನು.
ಡ್ರ್ಯಾಗನ್‌ಗಳ ಬಗ್ಗೆ ತಕರಾರಿಲ್ಲ.
ರಾಜಕುಮಾರರಿಗಿಂತ ಅವಕ್ಕೆ ಮಾತು ಕಡಿಮೆ.

ಎದುರು ಮೇಜಿನ ಹೆಲ್ವೆ ಒಪ್ಪುವುದಿಲ್ಲ.
'ಅಡಗೂಲಜ್ಜಿ ಕತೆಯಲ್ಲಿ ಲದ್ದಿಯ ಲೆಕ್ಕವೇನೇ?'
ಎರಡನೆಯ ಸಂಪುಟದಲ್ಲಿ ಸತ್ತ ಅಂಬಿಗನಿಗಾಗಿ
ಇಲ್ಲೇ, ಈ ಸ್ಟೂಲಿನ ಮೇಲೆ ಕೂತು ಅತ್ತವಳು ಅವಳು.
ಮೂರನೆಯ ಸಂಪುಟದಲ್ಲಿ ಅಂಬಿಗ ಎದ್ದು ಬಂದ.
ಸುರಿಸಿದ ಕಣ್ಣೀರು ವಾಪಸ್ ಕೊಡುವವರಾರು, ಎಂದೆ.
ಬಂದನಲ್ಲ, ಅಷ್ಟೇ ಸಾಕು, ಎಂದಳು.
ಹೆಲ್ವೆಯ ಗಂಡ ಪೈಪ್ಸಿ ಸರೋವರದ ಮಂಜುಗಡ್ಡೆಯ ಮೇಲೆ
ಮೀನು ಹಿಡಿಯಲು ಹೋದವನು.
ನಾನು ಬಾಯಿ ಮುಚ್ಚಿ ಸೂಜಿಗೆ ದಾರ ಪೋಣಿಸಿದೆ.

ಇನ್ನು, ಹಳೆಯ ಕತೆಗಳ ಹೊಸ ಅವತಾರಗಳು.
ಈಗ ಮಾಟಗಾತಿಯರೆಲ್ಲ ನೊಂದವರು,
ತೋಳಕ್ಕೂ ಒಂದು ದುಃಖದ ಬಾಲ್ಯ.
ನೊಂದಿರಬಹುದು, ಯಾರು ಬೇಡವೆಂದರು.
ಆದರೂ ಎಲ್ಲೋ ಒಂದು ಹಲ್ಲು ಬರೀ ಹಲ್ಲಾಗಿರಲಿ.
ಮಗು ಹೆದರಲಿಕ್ಕೆಂದೇ
ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಕಾದಿರುತ್ತದೆ.

ಹೋದ ತಿಂಗಳು ಮನೆಗೊಯ್ದದ್ದು ಮಲತಾಯಿಯ ಕತೆ.
ನಮ್ಮ ಭಾಷೆಯಲ್ಲಿ ಅವಳಿಗೆ 'ಹೊರಗಿನ ತಾಯಿ' ಎನ್ನುತ್ತಾರೆ,
ಪದದಲ್ಲೇ ಹೊಸ್ತಿಲಾಚೆ ನಿಂತವಳು.
ಈ ಕಾದಂಬರಿಯಲ್ಲಿ ಅವಳು ಒಳ್ಳೆಯವಳು.
ಒಂದು ರಾತ್ರಿ ಹುಡುಗಿಯ ಕೂದಲು ಬಾಚುತ್ತಾಳೆ;
ಬೆಳಗಾಗುವಷ್ಟರಲ್ಲಿ ಸಿಕ್ಕೆಲ್ಲ ಬಿಟ್ಟು
ಹುಡುಗಿ ಅಮ್ಮಾ ಎನ್ನುತ್ತಾಳೆ.

ಸುಳ್ಳು.
ಬೆಂಕಿಯುಗುಳುವ ಹಲ್ಲಿಯನ್ನು ನಂಬಿದ ನಾನು
ಇದನ್ನು ನಂಬಲಾರೆ.

ಮನೆಯಲ್ಲಿ ಕೆರ್ತುವಿಗೆ ಹನ್ನೊಂದು ವರ್ಷ.
ಉರ್ಮಸನ ಮಗಳು. ನಾನು ಬಂದು ಎರಡು ಚಳಿಗಾಲವಾಯಿತು.
ಹೆಸರು ಹಿಡಿದೇ ಕರೆಯುತ್ತಾಳೆ, 'ಮೈರೆ',
ಅದೂ ಉಪ್ಪಿನ ಡಬ್ಬಿ ಬೇಕಾದಾಗ.
ಬಾಚಣಿಗೆ ಕೈಗೆತ್ತಿಕೊಂಡರೆ ಅವಳ ಕೋಣೆಯ ಬಾಗಿಲು
ತಾನಾಗಿಯೇ ಮುಚ್ಚುತ್ತದೆ; ಬೇರೆ ಮಾಯೆ ಬೇಕಿಲ್ಲ.

ಆ ಪುಸ್ತಕವನ್ನು ಅವಳೂ ಓದಿದಳು,
ಪುಟಗಳ ನಡುವೆ ಕಪ್ಪು ರೊಟ್ಟಿ ಉದುರಿಸುತ್ತ.
ಬಯ್ಯಲಿಲ್ಲ ನಾನು. ಬಯ್ದಿದ್ದರೆ
ಕತೆಯ ಹಳೆಯ ರೂಪವೇ ನಿಜವಾಗುತ್ತಿತ್ತು.
'ಹೇಗಿತ್ತು?' ಎಂದೆ.
'ಕೂದಲು ಬಾಚೋದು ಬರೀ ಬುರುಡೆ.'
'ನನಗೂ ಹಾಗೇ ಅನ್ನಿಸಿತು.'
ಮೊದಲ ಸಲ ಇಡೀ ಮುಖ ಇತ್ತ ತಿರುಗಿಸಿದಳು.
'ಮತ್ತೆ ಆ ಕುದುರೆ?'
'ಲದ್ದಿ ಹಾಕಲೇ ಇಲ್ಲ.'
ನಗು ಬಂತು ಅವಳಿಗೆ, ನುಂಗಿಕೊಂಡಳು.
ಕಂಡೂ ಕಾಣದಂತೆ ನಾನು ತೊಳೆದ ತಟ್ಟೆಯನ್ನೇ ತೊಳೆದೆ.

ತಿಂಗಳಿಡೀ ಅವಳ ಕೋಣೆಯಲ್ಲೇ ಇತ್ತು ಪುಸ್ತಕ.
ಈಗ ನನ್ನ ಮೇಜಿನ ಮೇಲಿದೆ, ಬೆನ್ನು ಮುರಿದುಕೊಂಡು,
ಸರಿಯಾಗಿ ಕೂದಲು ಬಾಚುವ ಪುಟದಲ್ಲೇ,
ಯಾರೋ ಮತ್ತೆ ಮತ್ತೆ ಅಲ್ಲಿಗೇ ತೆರೆದಂತೆ.
ಸಂದಿಯಲ್ಲಿ ಕಪ್ಪು ರೊಟ್ಟಿಯ ಪುಡಿ.
ಕುಂಚದಿಂದ ಗುಡಿಸಬೇಕು, ಅದು ನಿಯಮ.
ಗುಡಿಸದೆ ಅಂಟು ಹಚ್ಚಿದೆ.

'ಹೇಗಿದೆಯೇ ಅದು?' ಹೆಲ್ವೆ ಕೇಳಿದಳು.
'ಬುರುಡೆ,' ಎಂದೆ. ಭಾರದ ಕಲ್ಲು ಮೇಲಿಟ್ಟು
ಗಡಿಯಾರ ನೋಡಿದೆ.