ಎರಡು ಗೇಣು ರೀಲು

ಪಾಂಡವಪುರ ಸ್ಟೇಷನ್ನಿನ ಹಿಂದೆ, ಆಲೆಮನೆ ದಾಟಿದರೆ
ಟೆಂಟು.
ನೆಲಕ್ಕೆ ನಾಲ್ಕಾಣೆ, ಬೆಂಚಿಗೆ ಎಂಟಾಣೆ.
ಮರಳು ಗುಡ್ಡೆ ಮಾಡಿಕೊಂಡು ಕೂತರೆ
ಮುಂದಿನವರ ತಲೆ ಅಡ್ಡ ಬರುವುದಿಲ್ಲವೆಂದು
ಕಲಿಸಿದವಳು ಅಕ್ಕ, ಜಯಶೀಲ.

ಆವತ್ತು ಬಂದವನು ಕರಿ ಕೋಟಿನವನು.
ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಅಂದ.
ಆಪರೇಟರ್ ಬೋರಲಿಂಗಣ್ಣ ಮೈಕು ಹಿಡಿದು ಅರ್ಥ ಹೇಳಿದ:
"ಒಳಕ್ ಬರ್ಲಾ ಅಂತ ಕೇಳ್ತಾವ್ನೆ ಕಣ್ರಪ್ಪೋ,
ಕರೀದೆ ಇದ್ರೆ ಬರಂಗಿಲ್ವಂತೆ, ಅಷ್ಟು ಮರ್ಯಾದಸ್ತ!"
ಟೆಂಟು ನಕ್ಕಿತು.
ನಮ್ಮ ಕಡೆಯ ದೆವ್ವಗಳಿಗೆ ಈ ನಾಜೂಕಿಲ್ಲ.
ಹುಣಸೆಮರದ್ದು, ಬಾವಿಗೆ ಬಿದ್ದವಳದ್ದು,
ಹೆಸರು ಹಿಡಿದು ಕೂಗುತ್ತವೆ, ಓಗೊಟ್ಟವರ ಮೈಮೇಲೆ ಬರುತ್ತವೆ;
ಕೋಳಿ ಬೇಕು, ಬಳೆ ಬೇಕು, ಬೈಗುಳ ಬೇಕು.
ಇವನಿಗೆ ಬರೀ ಕುತ್ತಿಗೆ.

ಬಾಗಿದ.
ಅವಳ ಕುತ್ತಿಗೆ
ಸಿಪ್ಪೆ ಹೆರೆದ ಕಬ್ಬಿನ ಹಾಗೆ ಬೆಳ್ಳಗೆ.
ಅಷ್ಟರಲ್ಲಿ ಟಪ್ಪೆಂದು
ರೀಲು ಕಿತ್ತಿತು.

ಕತ್ತಲು. ಬೀಡಿ ಹೊಗೆ. ಎಲ್ಲೋ ಕೂಸೊಂದು ಅತ್ತಿತು.
ಅಕ್ಕನ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು.
ಮತ್ತೆ ಬೆಳಕು ಬಂದಾಗ ಪರದೆಯ ಮೇಲೆ ಬೆಳಗಾಗಿತ್ತು;
ಹಾಸಿಗೆಯಲ್ಲಿ ಹುಡುಗಿ, ಎರಡು ಚುಕ್ಕಿ.
ನಡುವೆ ಆದದ್ದನ್ನು
ಇಡೀ ಟೆಂಟಿನಲ್ಲಿ ಯಾರೂ ನೋಡಲಿಲ್ಲ.

ಮನೆತನಕ ಎರಡೂ ಬದಿ ಕಬ್ಬು.
ಗರಿಗೆ ಗರಿ ಉಜ್ಜಿದರೆ ಕೋಟಿನ ಸದ್ದು.
ಆ ರಾತ್ರಿ ಬುಟ್ಟಿಯಿಂದ ಬೆಳ್ಳುಳ್ಳಿ ಕದ್ದು
ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಮಲಗಿದೆ.
"ಏನ್ಮಿ ಇದು, ಒಗ್ಗರಣೆ ವಾಸ್ನೆ ನಿನ್ ಮೈಲಿ!"
ಅಂದಳು ಅವ್ವ.
ಅವಳಿಗೆ ಹೇಳಲಿಲ್ಲ,
ಒಂದು ಕಿಟಕಿಗೆ ಮಾತ್ರ
ಚಿಲಕ ಹಾಕದೆ ಬಿಟ್ಟಿದ್ದೆ.

ವಾರದ ಮೇಲೆ ಬೋರಲಿಂಗಣ್ಣನನ್ನು ಕಾಡಿ ಬೇಡಿ
ಕತ್ತರಿಸಿ ಬಿಸಾಡಿದ್ದ ಎರಡು ಗೇಣು ರೀಲು ತಂದೆ.
ಸ್ಕೂಲಿನ ಹಿಂದೆ ಬಿಸಿಲಿಗೆ ಹಿಡಿದು ನೋಡಿದರೆ
ಕಿಟಕಿಯ ಪರದೆ, ಪರದೆ, ಅರ್ಧ ಕೈ,
ಒಂದು ಕಿವಿಯೋಲೆ, ಮತ್ತೆ ಪರದೆ.
ಬಿಸಿಲು ತಾಕಿದರೆ ಬೂದಿಯಾಗುವವನನ್ನು
ಬಿಸಿಲಿಲ್ಲದೆ ಹುಡುಕುವ ದಾರಿಯೇ ಇರಲಿಲ್ಲ.

ಈಗ ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ
ಬೆಳಗಿನ ಏಳರಿಂದ ರಕ್ತ ತೆಗೆಯುವ ಕೆಲಸ ನನ್ನದು.
ಬಿಳಿ ಕೋಟು. ಖಾಲಿ ಹೊಟ್ಟೆಯವರ ಸಾಲು.
ಒಳಗೆ ಬರಬಹುದಾ ಎಂದು ಅವರೇ ಕೇಳುತ್ತಾರೆ,
ತೋಳು ಚಾಚುತ್ತಾರೆ,
ಸೂಜಿ ಕಂಡೊಡನೆ ಗೋಡೆಯ ಕಡೆ ತಿರುಗುತ್ತಾರೆ.
ಮೀಸೆ ಹೊತ್ತವರೇ ಮೊದಲು.

ನಿನ್ನೆ ಕೀಲಾರದಿಂದ ಬಂದ ಹುಡುಗಿ, ಇಂಚರ, ಒಂಬತ್ತು ವರ್ಷ,
ರೆಪ್ಪೆ ಅಲುಗಿಸಲಿಲ್ಲ.
ಕೊಳವೆಯೊಳಗೆ ಕೆಂಪು ಏರುವುದನ್ನು ಪೂರ್ತಿ ನೋಡಿ
"ಇನ್ನೊಂದ್ಸಲ ತಗೀರಿ" ಅಂದಳು.
ಅವಳಪ್ಪ ಹೌಹಾರಿದ.
ನಾನು ಹತ್ತಿ ಒತ್ತಿ ಹಿಡಿದುಕೊಂಡೇ ಇದ್ದೆ,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ರೀಲು ಯಾವ ಮನೆ ಬದಲಿಸುವಾಗ ಕಳೆಯಿತೋ.
ರಾತ್ರಿ ಅಕ್ಕನಿಗೆ ಫೋನು ಮಾಡಿ ಕೇಳಿದೆ.
ರೀಲು ಗೀಲು ಗೊತ್ತಿಲ್ಲ ಅವಳಿಗೆ.
ಆವತ್ತು ಅವನು ಕಚ್ಚಿದ್ದನ್ನು
ತಾನು ಕಣ್ಣಾರೆ ಕಂಡೆನೆಂದೇ
ಇವತ್ತಿಗೂ ವಾದ.