ಹುಬ್ಬೆ, ಉತ್ತರೆ, ಹಸ್ತ

ಏಳುನೂರ ತೊಂಬತ್ತೆರಡು ಗ್ರಾಂ ಸಿಮೆಂಟು,
ಮುನ್ನೂರ ನಲವತ್ತೊಂಬತ್ತು ನೀರು, ಅದೂ ಬಟ್ಟಿ ಇಳಿಸಿದ್ದು.
ನಮಗೆ ಕುಡಿಯಲು ಟ್ಯಾಂಕರ್ ಇನ್ನೂ ಬಂದಿಲ್ಲ.
ಪೀಣ್ಯ ಎರಡನೇ ಹಂತ, ರಾತ್ರಿ ಹತ್ತು.
ಮಿಕ್ಸರ್ ಮೂವತ್ತೈದು ಸೆಕೆಂಡು ಕಿರುಚಿ
ಸುಮ್ಮನಾಗುತ್ತದೆ.

ಅಚ್ಚಿಗೆ ಗ್ರೀಸು ಸವರಿ ಮುನಿವೆಂಕಟಪ್ಪ
ನೀರುದೋಸೆಯ ಹಿಟ್ಟಿನಂಥ ಬೂದು ಪಾಕವನ್ನು
ಅರ್ಧದವರೆಗೆ ಸುರಿದು
ಕಡ್ಡಿಯಲ್ಲಿ ಚುಚ್ಚುತ್ತಾರೆ, ಇಪ್ಪತ್ತೇಳು ಸಲ.
ಗುಳ್ಳೆ ಉಳಿಯಬಾರದು.
ಅಂಕಿ ಅವರಿಗೆ ತಪ್ಪುತ್ತದೆ, ಮಳೆ ತಪ್ಪುವುದಿಲ್ಲ:
ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ…
ರೇವತಿಗೆ ಬಂದು ಕಡ್ಡಿ ಒರೆಸುತ್ತಾರೆ.

"ಟ್ಯಾಂಕರ್ ಎಷ್ಟೊತ್ತಿಗಂತೆ?"
ನಾಲ್ಕನೆಯ ಅಚ್ಚಿನ ಹತ್ತಿರ ಕೇಳಿದೆ.
"ಒಂದು ಗಂಟೆಗಂತೆ" ಎಂದರು.

ನಾಲ್ಕನ್ನೂ ಅರವತ್ತು ಡಿಗ್ರಿ ಬಿಸಿನೀರಿಗೆ ಇಳಿಸಿದೆವು.
ಎಲ್ಲೋ ಸಮುದ್ರದ ತಳದ ಕೆಳಗೆ
ನಾನೆಂದೂ ನೋಡದ ಎಣ್ಣೆಬಾವಿಯ ಬಿಸಿ ಅದು.
ನಮ್ಮ ಕಾಂಪೌಂಡಿನ ಬೋರು
ಸಾವಿರದಿನ್ನೂರು ಅಡಿಗೆ ಬರೀ ಧೂಳು ಉಗುಳಿತು;
ಅದರ ಬಾಯಿಗೊಂದು ಗ್ರಾನೈಟ್ ಚಪ್ಪಡಿ.
ಆ ಚಪ್ಪಡಿಯನ್ನು ಯಾರೂ ಪರೀಕ್ಷೆ ಮಾಡಿಲ್ಲ.

ಬೆಳಗ್ಗೆ ಆರು, ಒಡೆಯುವ ಹೊತ್ತು.
ತಾಳಿದವನು ಬಾಳಿಯಾನು ಎನ್ನುತ್ತಾರೆ;
ಈ ಕೋಣೆಯಲ್ಲಿ ತಾಳಿದ್ದೆಷ್ಟು ಎಂದು ತಿಳಿಯುವುದು
ತಾಳದೇ ಹೋದ ಮೇಲೆ.
ಮೂವತ್ತೊಂದು. ಮೂವತ್ತು. ಮೂವತ್ತೆರಡು.
ಪಕ್ಕೆಗಳು ಉದುರಿ
ನಡುವೆ ಒಂದು ಡಮರುಗ ಮಾತ್ರ ನಿಲ್ಲುತ್ತದೆ,
ಚೆನ್ನಾಗಿ ಒಡೆಯುವುದೆಂದರೆ ಹಾಗೆ.
ನಾಲ್ಕನೆಯದು ಇಪ್ಪತ್ತೆರಡಕ್ಕೇ ಓರೆಯಾಗಿ ಸೀಳಿತು.
ಒಳಗೆ ಅವರೆಕಾಳಿನಷ್ಟು
ಖಾಲಿ.

ಮುನಿವೆಂಕಟಪ್ಪ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು,
ತುಸು ಹೊತ್ತು ತಿರುಗಿಸಿ ನೋಡಿ,
"ಮಗೆ ತಾವ ನೀವು ಮಾತಾಡುಸುದ್ರಿ ಮೇಡಂ,
ನಾನು ಸೀದಾ ಚಿತ್ತೆಗೆ ಹೋಗ್ಬುಟ್ಟೆ."

ನಿಯಮವೇ ಹೇಳುತ್ತದೆ:
ದಾರಿ ತಪ್ಪಿದ ಒಂದನ್ನು ಕೈಬಿಟ್ಟು
ಉಳಿದವುಗಳ ಸರಾಸರಿ ಬರೆ.
ಬರೆದೆ. ಪಾಸು. ಸಹಿಯ ಜಾಗದಲ್ಲಿ ಸಹಿ.
ಹುಬ್ಬೆ, ಉತ್ತರೆ, ಹಸ್ತ,
ಆ ಮೂರು ಮಳೆಗೆ ವರದಿಯಲ್ಲಿ ಕಾಲಂ ಇಲ್ಲ.
ಬಾವಿಯ ಕೆಳಗೆ, ಕೊಳವೆಯ ಸುತ್ತ ಕತ್ತಲಲ್ಲಿ
ಇದೇ ಪಾಕ ಗಟ್ಟಿಯಾಗುವಾಗ
ಕಡ್ಡಿ ಹಿಡಿದು ಎಣಿಸುವವರೂ ಇಲ್ಲ.

ಸೀಳಿದ ಚೂರನ್ನು ಅವರು ಡಬ್ಬಕ್ಕೆ ಹಾಕಲಿಲ್ಲ.
ಗಾಳಿಗೆ ಮುಚ್ಚಿಕೊಳ್ಳುವ ಗೇಟಿನಡಿ
ಚಪ್ಪಲಿಕಾಲಿನಿಂದ ಒತ್ತಿ ಸಿಕ್ಕಿಸಿದರು.
ಮೇಲೆ ಮೊದಲ ಮೆಟ್ರೋ ಹೋಯಿತು.
ಗೇಟು ತೆರೆದೇ ಇತ್ತು, ಏಳರವರೆಗೂ,
ಟ್ಯಾಂಕರ್ ಬಂದಿರಲಿಲ್ಲ.